ಕೆಲಸವಿಲ್ಲ ಎಂದು ಹೇಳುವುದರ ಚರಿತ್ರೆ

ನಮ್ಮ ಬೀದರ್ ಸೀಮೆಯಲ್ಲಿ ಬಸ್ಸು ನಿಲ್ಲುವುದರಲ್ಲಿ ಎರಡು ಬಗೆ. ಪುಣೆ–ಹೈದರಾಬಾದ್ ಹೆದ್ದಾರಿಯ ಬಸ್ಸು ಹುಮನಾಬಾದ್ ನಿಲ್ದಾಣಕ್ಕೆ ಬಂದು ಐದು ನಿಮಿಷ ನಿಂತರೆ ಡ್ರೈವರು ಎಂಜಿನ್ ಬಂದ್ ಮಾಡುವುದಿಲ್ಲ. ಜನ ಇಳಿಯುತ್ತಾರೆ, ಏರುತ್ತಾರೆ, ಬಸ್ಸು ಗುರುಗುಟ್ಟುತ್ತಲೇ ಇರುತ್ತದೆ. ಅದೇ ರಾತ್ರಿ ದುಬಲಗುಂಡಿಗೋ ಮಂಠಾಳಕ್ಕೋ ಹೋಗುವ ವಸ್ತಿ ಬಸ್ಸು ಊರೊಳಗೆ ನಿಂತಿತೆಂದರೆ ಎಂಜಿನ್ ಬಂದ್. ಡ್ರೈವರು, ಕಂಡಕ್ಟರು ಅಲ್ಲೇ ಹಾಸಿಕೊಂಡು ಮಲಗುತ್ತಾರೆ, ಬೆಳಗಿನ ಮೊದಲ ಟ್ರಿಪ್ಪಿಗೆ ಏಳುತ್ತಾರೆ. ಎರಡೂ ನಿಲುಗಡೆಯೇ. ಆದರೆ ಸುಡುವ ಡೀಸೆಲ್ಲಿನ ಲೆಕ್ಕ ಬೇರೆ, ಮತ್ತೆ ಹೊರಡಲು ಹಿಡಿಯುವ ಹೊತ್ತು ಬೇರೆ, ಬಸ್ಸು ನಿಂತಿದೆ ಎಂಬುದು ಯಾರಿಗೆ ಗೊತ್ತಿರಬೇಕು ಎನ್ನುವುದೂ ಬೇರೆ. ಕಂಪ್ಯೂಟರಿನ ಒಳಗಿನ ಕೆಲಸ ಬರೆಯುವವರು ಸುಮಾರು ಅರವತ್ತು ವರ್ಷಗಳಿಂದ ಈ ಮೂರು ಲೆಕ್ಕಗಳನ್ನೇ ಹಾಕುತ್ತಾ ಬಂದಿದ್ದಾರೆ.

ನಾನು ಹುಮನಾಬಾದಿನಲ್ಲಿದ್ದುಕೊಂಡು ಬಸವಕಲ್ಯಾಣದ ಮಕ್ಕಳಿಗೆ ಕಂಪ್ಯೂಟರ್ ಪಾಠ ಹೇಳುವವನು. ಒಂದೇ ಅಸಲಿ ಯಂತ್ರದೊಳಗೆ ಹಲವು ನಕಲಿ ಯಂತ್ರಗಳನ್ನು ಓಡಿಸುವ ವಿದ್ಯೆಯನ್ನು, ಅಂದರೆ ವರ್ಚುವಲೈಸೇಷನ್ನನ್ನು, ಪಾಠ ಮಾಡುವಾಗ ಪ್ರತಿವರ್ಷ ಒಬ್ಬರಾದರೂ ಒಂದು ಪ್ರಶ್ನೆ ಕೇಳುತ್ತಾರೆ. ಹೋದ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದು ಹೀಗೆ: "ಸರ್, ಒಳಗಿನ ಯಂತ್ರಕ್ಕ ಕೆಲ್ಸಾನೇ ಇಲ್ಲಂತ ತೋರಿಸ್ಲಿಕತ್ತದ. ಮತ್ತ ಹೊರಗಿಂದು ಯಾಕ್ರಿ ಬಿಸಿ ಆಗ್ತದ?" ಈ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಇಲ್ಲ. ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರೊಸೆಸರ್ ಎನ್ನುವುದಕ್ಕೆ ತಾನಾಗಿ ನಿಲ್ಲುವ ಗುಣ ಇಲ್ಲ. ಒಂದು ಆದೇಶ ಮುಗಿದರೆ ಮುಂದಿನ ಆದೇಶ, ಅದು ಮುಗಿದರೆ ಅದರ ಮುಂದಿನದು. ಮಾಡಲು ಏನೂ ಇಲ್ಲದಿದ್ದರೆ ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಹಾಗಾಗಿ "ನಿಲ್ಲು" ಎನ್ನುವುದನ್ನೂ ಒಂದು ಆದೇಶವಾಗಿಯೇ ಕೊಡಬೇಕು. ಇಂಟೆಲ್ ಕಂಪನಿ 1978ರಲ್ಲಿ ತಂದ 8086 ಪ್ರೊಸೆಸರಿನಲ್ಲಿ ಇದಕ್ಕೆಂದೇ ಒಂದೇ ಬೈಟಿನ ಆದೇಶವಿದೆ. ಹಾಲ್ಟ್ ಎಂಬುದನ್ನು ಮೊಟಕುಗೊಳಿಸಿ ಅದನ್ನು ಎಚ್‌ಎಲ್‌ಟಿ ಎಂದು ಬರೆಯುತ್ತಾರೆ. ಹೊರಗಿನಿಂದ ಯಾರಾದರೂ ಬಾಗಿಲು ತಟ್ಟುವವರೆಗೆ, ಅಂದರೆ ಕೀಲಿಮಣೆಯಿಂದಲೋ ಗಡಿಯಾರದಿಂದಲೋ ಜಾಲದಿಂದಲೋ ಒಂದು ಇಂಟರಪ್ಟ್ ಬರುವವರೆಗೆ, ಸುಮ್ಮನಿರು ಎಂಬುದು ಅದರ ಅರ್ಥ. ಇಂದು ನಿಮ್ಮ ಮೇಜಿನ ಮೇಲಿರುವ ಲ್ಯಾಪ್‌ಟಾಪಿನ ಇಂಟೆಲ್ ಪ್ರೊಸೆಸರಿಗೂ ಅದೇ ಆದೇಶ ಗೊತ್ತು.

ಬಹಳ ಕಾಲ ಇದನ್ನು ಬಳಸುವ ದರ್ದು ಯಾರಿಗೂ ಇರಲಿಲ್ಲ. ಡಾಸ್ ಕಾಲದ ಯಂತ್ರ ನಾವು ಒಂದು ಅಕ್ಷರ ಒತ್ತುವುದನ್ನು ಕಾಯುತ್ತಾ ಪೂರಾ ವೇಗದಲ್ಲಿ ಸುತ್ತುತ್ತಿತ್ತು. ಯಂತ್ರ ನಮ್ಮದೇ, ಬೇರೆ ಪಾಲುದಾರರಿಲ್ಲ, ನಿಂತರೂ ಸುತ್ತಿದರೂ ಕರೆಂಟಿನ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸವೂ ಇಲ್ಲ. 1994ರಲ್ಲಿ ಬಂದ 486 ಡಿಎಕ್ಸ್4 ಪ್ರೊಸೆಸರಿನ ಹೊತ್ತಿಗೆ ನಿಂತಾಗ ನಿಜವಾಗಿ ಕಡಿಮೆ ವಿದ್ಯುತ್ ಕುಡಿಯುವ ಗುಣ ಸೇರಿಕೊಂಡಿತು. ಲಿನಕ್ಸ್ ಕೆಲಸವಿಲ್ಲದಾಗ ಎಚ್‌ಎಲ್‌ಟಿ ಹೇಳುತ್ತಿತ್ತು. ವಿಂಡೋಸ್ 95 ಹೇಳುತ್ತಿರಲಿಲ್ಲ. ಅದಕ್ಕೆ ನಿಲ್ಲುವುದನ್ನು ಕಲಿಸಲೆಂದೇ ಚಿಕ್ಕ ಚಿಕ್ಕ ಪ್ರೊಗ್ರಾಂಗಳು ಬಂದವು. ಆ ಕಾಲದಲ್ಲಿ ನಾನು ಹುಮನಾಬಾದಿನ ಒಂದು ತರಬೇತಿ ಕೇಂದ್ರದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದೆ. ಏಪ್ರಿಲ್ ಬಿಸಿಲು, ಕರೆಂಟು ಹೋದರೆ ಬ್ಯಾಟರಿ. ಬ್ಯಾಟರಿಯ ಮೇಲೆ ಓಡುವಾಗ ಸುಮ್ಮನಿರುವ ಯಂತ್ರ ಎಷ್ಟು ತಿನ್ನುತ್ತದೆ ಎಂಬುದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಆದರೆ ಸುಮ್ಮನಿರುವುದಕ್ಕೆ ಬೆಲೆ ಕಟ್ಟಿದವರು ಅದಕ್ಕೂ ಮೂವತ್ತು ವರ್ಷ ಹಿಂದಿನವರು. ಅಮೆರಿಕದ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿದ್ದ ಐಬಿಎಂನ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು 1964ರಲ್ಲಿ ಒಂದು ಕೆಲಸ ಹಿಡಿದರು. ಕೋಣೆ ತುಂಬುವ, ಊರನ್ನೇ ಕೊಳ್ಳುವಷ್ಟು ದುಬಾರಿಯಾದ ಒಂದು ಯಂತ್ರವನ್ನು ಹಲವರು ಒಟ್ಟಿಗೆ ಬಳಸಬೇಕು, ಆದರೆ ಪ್ರತಿಯೊಬ್ಬರಿಗೂ ಇಡೀ ಯಂತ್ರ ತನ್ನದೇ ಎನಿಸಬೇಕು. 1967ರಲ್ಲಿ ಬಳಕೆಗೆ ಬಂದ ಅವರ ಸಿಪಿ-40 ಎಂಬ ವ್ಯವಸ್ಥೆ ಒಂದು ಯಂತ್ರದೊಳಗೆ 14 ನಕಲಿ ಯಂತ್ರಗಳನ್ನು ಓಡಿಸುತ್ತಿತ್ತು. ಅದೇ ಬೆಳೆದು ಸಿಪಿ-67 ಆಯಿತು, 1972ರ ಆಗಸ್ಟಿನಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಘೋಷಣೆಯಾಯಿತು. ಈ ಪಾಲು ಹಂಚುವ ಮೇಸ್ತ್ರಿಗೆ ಇಂದು ಹೈಪರ್‌ವೈಸರ್ ಎನ್ನುತ್ತೇವೆ.

ಒಳಗಿನ ನಕಲಿ ಯಂತ್ರಕ್ಕೆ ಕೆಲಸವಿಲ್ಲ ಎಂಬುದು ಮೇಸ್ತ್ರಿಗೆ ತಿಳಿಯುವುದು ಹೇಗೆ? ಐಬಿಎಂನ ಸಿಸ್ಟಂ/360 ಯಂತ್ರಗಳಲ್ಲಿ ಪ್ರೊಸೆಸರಿನ ಸ್ಥಿತಿಯನ್ನು ಹೇಳುವ ಒಂದು ಪದವಿತ್ತು. ಅದರಲ್ಲಿ "ಕಾಯುತ್ತಿದ್ದೇನೆ" ಎನ್ನುವ ಒಂದು ಬಿಟ್ಟನ್ನು ಹಚ್ಚಿದರೆ ಪ್ರೊಸೆಸರ್ ನಿಲ್ಲುತ್ತಿತ್ತು. ಆ ಪದವನ್ನು ಬದಲಿಸುವ ಅಧಿಕಾರ ಸಾಮಾನ್ಯ ಪ್ರೊಗ್ರಾಮಿಗೆ ಇರಲಿಲ್ಲ. ಒಳಗಿನ ಯಂತ್ರ ಅದನ್ನು ಮಾಡಲು ಹೋದ ಕೂಡಲೇ ಅಸಲಿ ಯಂತ್ರ ಅದನ್ನು ತಡೆದು ಮೇಸ್ತ್ರಿಯನ್ನು ಕರೆಯುತ್ತಿತ್ತು. ಮೇಸ್ತ್ರಿ ನೋಡುತ್ತಿದ್ದ: ಓಹೋ, ಇವನಿಗೆ ಈಗ ಕೆಲಸವಿಲ್ಲ. ಅವನನ್ನು ಬದಿಗೆ ಕೂರಿಸಿ ಪ್ರೊಸೆಸರನ್ನು ಮುಂದಿನವನಿಗೆ ಕೊಡುತ್ತಿದ್ದ. ಇಡೀ ಹಂಚಿಕೆ ನಿಂತಿರುವುದು ಇದರ ಮೇಲೆ. ತನಗೆ ಕೆಲಸವಿಲ್ಲ ಎಂದು ಒಬ್ಬ ಪ್ರಾಮಾಣಿಕವಾಗಿ ಹೇಳಿದರೆ ಮಾತ್ರ ಇನ್ನೊಬ್ಬನಿಗೆ ಪಾಲು. ಸುಮ್ಮನೆ ಸುತ್ತುವವನು ಹೊರಗಿನಿಂದ ನೋಡುವವರಿಗೆ ದುಡಿಯುವವನ ಹಾಗೆಯೇ ಕಾಣುತ್ತಾನೆ. ಹಳೆಯ ಡಾಸನ್ನು ಇಂದು ನಕಲಿ ಯಂತ್ರದೊಳಗೆ ಓಡಿಸಿ ನೋಡಿ. ಏನೂ ಮಾಡದೆ ಅದು ಅಸಲಿ ಯಂತ್ರದ ಒಂದು ಪ್ರೊಸೆಸರನ್ನು ಪೂರ್ತಿ ನುಂಗುತ್ತದೆ.

ಬಸವಕಲ್ಯಾಣದಲ್ಲಿ ಈ ಪಾಠ ಹೇಳುವಾಗ ನನಗೆ ಒಂದು ಅನುಕೂಲವಿದೆ. ಇಲ್ಲಿನ ಮಕ್ಕಳಿಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಕಥೆ ಗೊತ್ತು. ಮಾರಯ್ಯ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ, ಇಂದಿಗೆ ಇಷ್ಟು ಬೇಡ, ತಂದಲ್ಲೇ ಸುರಿದು ಬಾ ಎಂದು ಕಳಿಸಿದಳು. ಕಾಯಕದ ಊರಿನಲ್ಲಿ ಕೆಲಸವಿಲ್ಲ ಎನ್ನುವ ಯಂತ್ರವನ್ನು ಹೊಗಳುವುದು ಹೇಗೆ ಎಂದು ಯಾರಾದರೂ ತಕರಾರು ತೆಗೆದರೆ ನಾನು ಲಕ್ಕಮ್ಮನನ್ನು ನೆನಪಿಸುತ್ತೇನೆ. ಐಬಿಎಂನ ಪವರ್ ಸಾಲಿನ ಯಂತ್ರಗಳಲ್ಲಿ ಕೆಲಸವಿಲ್ಲದ ನಕಲಿ ಪ್ರೊಸೆಸರ್ ಹೈಪರ್‌ವೈಸರಿಗೆ ಮಾಡುವ ಕರೆಯ ಹೆಸರೇ ಎಚ್-ಸೀಡ್. ಸೀಡ್ ಎಂದರೆ ಬಿಟ್ಟುಕೊಡುವುದು.

ಆ ಕಾಲದಲ್ಲಿ ಬಿಟ್ಟುಕೊಡುವುದಕ್ಕೆ ರೊಕ್ಕದ ಕಾರಣವೂ ಇತ್ತು. ಐಬಿಎಂ ಯಂತ್ರಗಳು ಬಾಡಿಗೆಗೆ ಸಿಗುತ್ತಿದ್ದವು, ಅವಕ್ಕೆ ಆಟೋಕ್ಕೆ ಇರುವ ಹಾಗೆ ಮೀಟರ್ ಇತ್ತು. ಪ್ರೊಸೆಸರ್ ಅಥವಾ ಅದಕ್ಕೆ ಜೋಡಿಸಿದ ಚಾನೆಲ್ಲುಗಳು ಓಡುತ್ತಿದ್ದರೆ ಮೀಟರ್ ತಿರುಗುತ್ತಿತ್ತು. ರಾತ್ರಿ ಒಬ್ಬಿಬ್ಬರು ಮಾತ್ರ ಬಳಸುವಾಗಲೂ ಮೀಟರ್ ಓಡಿದರೆ ರಾತ್ರಿಯ ಸೇವೆ ಕಟ್ಟುಬಡಿಯುವುದಿಲ್ಲ. ಸಿಪಿ-67ರ ಪ್ರೊಗ್ರಾಮರುಗಳು ಟರ್ಮಿನಲ್ಲುಗಳ ಕಡೆ ಕಿವಿಗೊಡುತ್ತಲೇ ಚಾನೆಲ್ಲು ನಿಲ್ಲುವ ಹಾಗೆ ಉಪಾಯ ಹೂಡಿದರು. ಯಾರೂ ಬಳಸದಾಗ ಮೀಟರ್ ನಿಲ್ಲುತ್ತಿತ್ತು, ಯಾರಾದರೂ ಒಂದು ಅಕ್ಷರ ಒತ್ತಿದರೆ ಯಂತ್ರ ಏಳುತ್ತಿತ್ತು. ದಿನದ 24 ತಾಸೂ ಕಂಪ್ಯೂಟರ್ ಸಿಗುವಂತಾದದ್ದರಲ್ಲಿ ಈ ನಿದ್ದೆಯ ಪಾಲೂ ಇದೆ.

ನಮ್ಮ ಕಡೆಗೆ ಬರೋಣ. ಹೊಸ ಶತಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರ ಭೂಮಿ ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದ ವಹಿಗಳಲ್ಲಿದ್ದ, 67 ಲಕ್ಷ ಭೂಮಾಲೀಕರ, ಸುಮಾರು 2 ಕೋಟಿ ದಾಖಲೆಗಳು. ಆಗಿನ 177 ತಾಲ್ಲೂಕುಗಳ ಕಚೇರಿಗಳಲ್ಲಿ ಒಂದೊಂದು ಭೂಮಿ ಕೇಂದ್ರ ತೆರೆಯಿತು. ಬಸವಕಲ್ಯಾಣಕ್ಕೆ ಒಂದು, ಹುಮನಾಬಾದಿಗೆ ಒಂದು. 15 ರೂಪಾಯಿ ಕೊಟ್ಟರೆ ಮುದ್ರಿತ ಪಹಣಿ. ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಇದು ದೇಶವೆಲ್ಲ ನೋಡಿದ ಬದಲಾವಣೆ.

ಇಲ್ಲಿ ಒಂದು ಸರಳ ಗಣಿತವಿದೆ. ತಾಲ್ಲೂಕಿಗೊಂದು ಯಂತ್ರ ಇಟ್ಟರೆ ಪ್ರತಿಯೊಂದನ್ನೂ ಆ ತಾಲ್ಲೂಕಿನ ಅತಿ ಗದ್ದಲದ ದಿನಕ್ಕೆ ಸಾಲುವಂತೆ ಕೊಳ್ಳಬೇಕು. ಬೆಳೆಸಾಲದ ಹಂಗಾಮಿನಲ್ಲಿ ಸಾಲು ಬಾಗಿಲಾಚೆಗೆ ಹೋಗುತ್ತದೆ. ಸಂಜೆ ಆರಕ್ಕೆ ಕಚೇರಿ ಮುಚ್ಚಿದರೆ, ಅಮಾವಾಸ್ಯೆಗೆ, ಜಾತ್ರೆಗೆ ರೈತರು ಬರದಿದ್ದರೆ ಯಂತ್ರ ಸುಮ್ಮನೆ ಕೂರುತ್ತದೆ. ಜಗತ್ತಿನ ಬ್ಯಾಂಕು, ಕಚೇರಿ, ಕಾರ್ಖಾನೆಗಳಲ್ಲೆಲ್ಲ ಇದೇ ಅವಸ್ಥೆ. ಎಲ್ಲವನ್ನೂ ಒಂದೆಡೆ ಸೇರಿಸಿ, ಒಬ್ಬರು ಸುಮ್ಮನಿರುವ ಹೊತ್ತನ್ನು ಇನ್ನೊಬ್ಬರ ಗದ್ದಲಕ್ಕೆ ಕೊಡುವುದು ಲಾಭ ಎಂಬ ಲೆಕ್ಕವೇ ಡೇಟಾ ಸೆಂಟರುಗಳನ್ನು ಹುಟ್ಟಿಸಿತು. ಕೇಂದ್ರ ಸರ್ಕಾರ 2006ರಲ್ಲಿ ಒಪ್ಪಿದ ರಾಷ್ಟ್ರೀಯ ಇ-ಆಡಳಿತ ಯೋಜನೆಯಲ್ಲಿ ರಾಜ್ಯಕ್ಕೊಂದು ಡೇಟಾ ಸೆಂಟರ್ ಎಂಬುದೂ ಸೇರಿತ್ತು.

ಅದೇ ಹೊತ್ತಿಗೆ ತಂತ್ರಜ್ಞಾನವೂ ಹದಕ್ಕೆ ಬಂದಿತ್ತು. ಇಂಟೆಲ್ ಪ್ರೊಸೆಸರುಗಳಲ್ಲಿ ನಕಲಿ ಯಂತ್ರ ಓಡಿಸುವುದು ಕಷ್ಟ ಎಂದೇ ಪ್ರತೀತಿ. ಮೇಸ್ತ್ರಿಗೆ ಗೊತ್ತಾಗಲೇಬೇಕಾದ ಆದೇಶಗಳೆಲ್ಲ ಅವನ ಗಮನಕ್ಕೆ ಬಂದೇ ನಡೆಯಬೇಕು ಎಂಬ ನಿಯಮವನ್ನು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲೇ ಹೇಳಿದ್ದರು. ಪೆಂಟಿಯಂನಲ್ಲಿ 17 ಆದೇಶಗಳು ಈ ನಿಯಮ ಮುರಿಯುತ್ತವೆ ಎಂದು 2000ದಲ್ಲಿ ಇಬ್ಬರು ಸಂಶೋಧಕರು ಪಟ್ಟಿ ಮಾಡಿದರು. ನಮ್ಮ ಎಚ್‌ಎಲ್‌ಟಿ ಆ ಪಟ್ಟಿಯಲ್ಲಿಲ್ಲ. ಅದು ಅಪ್ಪಣೆ ಕೇಳಿಯೇ ನಿಲ್ಲುವ ಸಭ್ಯ ಆದೇಶ. 1998ರಲ್ಲಿ ಹುಟ್ಟಿದ ವಿಎಂವೇರ್ ಕಂಪನಿ ಆ ತಂಟೆಕೋರ ಆದೇಶಗಳನ್ನು ಓಡುವಾಗಲೇ ಬದಲಿಸಿ ದಾರಿ ಮಾಡಿಕೊಂಡಿತು. ಇಂಗ್ಲೆಂಡಿನ ಕೇಂಬ್ರಿಜ್‌ನವರು 2003ರಲ್ಲಿ ಕ್ಸೆನ್ ತಂದರು. ಕೆಲಸವಿಲ್ಲದಿದ್ದರೆ ಹೇಳಲು ಒಳಗಿನ ಯಂತ್ರಕ್ಕೆ ಒಂದು ನೇರ ಕರೆಯನ್ನೇ ಕಲಿಸಿದರು. 2005ರ ಕೊನೆಗೆ ಇಂಟೆಲ್, ಮರುವರ್ಷ ಎಎಂಡಿ, ಪ್ರೊಸೆಸರಿನೊಳಗೇ ಈ ವಿದ್ಯೆಗೆ ಜಾಗ ಮಾಡಿಕೊಟ್ಟವು.

ಆಗ ಬಂದದ್ದು ಕೆವಿಎಂ. ಇಸ್ರೇಲಿನ ಕುಮ್ರಾನೆಟ್ ಎಂಬ ಸಣ್ಣ ಕಂಪನಿಯಲ್ಲಿದ್ದ ಅವಿ ಕಿವಿಟಿ 2006ರ ಅಕ್ಟೋಬರಿನಲ್ಲಿ ಅದನ್ನು ಲಿನಕ್ಸ್ ಬಳಗದ ಮುಂದಿಟ್ಟರು. 2007ರ ಫೆಬ್ರುವರಿಯಲ್ಲಿ ಹೊರಬಂದ ಲಿನಕ್ಸ್ 2.6.20ರಲ್ಲಿ ಅದು ಸೇರಿಯೇ ಬಿಟ್ಟಿತು. ಇಂದು ಜಗತ್ತಿನ ಕ್ಲೌಡುಗಳಲ್ಲಿ ದೊಡ್ಡ ಪಾಲು ಓಡುತ್ತಿರುವುದು ಇದರ ಮೇಲೆ. ಇದರ ಜಾಣತನ ಏನೆಂದರೆ, ಹೊಸ ಮೇಸ್ತ್ರಿಯನ್ನು ನೇಮಿಸಲೇ ಇಲ್ಲ. ಲಿನಕ್ಸಿನ ಕರ್ನಲ್ಲಿಗೆ ಸಾವಿರ ಪ್ರೊಗ್ರಾಮುಗಳಿಗೆ ಪಾಲು ಹಂಚುವುದು ಗೊತ್ತೇ ಇದೆ. ನಕಲಿ ಯಂತ್ರದ ಪ್ರತಿ ಪ್ರೊಸೆಸರನ್ನೂ ಒಂದು ಸಾಮಾನ್ಯ ಪ್ರೊಗ್ರಾಮಿನ ಎಳೆಯಾಗಿ ಮಾಡಿಬಿಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ.

ಇಲ್ಲಿ ಮೂರು ಅಂತಸ್ತು ಎಂದುಕೊಳ್ಳಿ. ಒಂದರಲ್ಲಿ ನಕಲಿ ಯಂತ್ರ, ಅದಕ್ಕೆ ಅತಿಥಿ ಎನ್ನೋಣ. ನಡುವೆ ಕರ್ನಲ್. ಇನ್ನೊಂದು ಬದಿಗೆ ಕ್ಯೂಎಮು ಎಂಬ ಸಾಮಾನ್ಯ ಪ್ರೊಗ್ರಾಂ. ಅತಿಥಿಗೆ ಡಿಸ್ಕು, ಪರದೆ, ಜಾಲದ ಕಾರ್ಡು ಇವೆಲ್ಲ ಇವೆ ಎಂಬ ಭ್ರಮೆ ಹುಟ್ಟಿಸುವವನು ಅವನೇ. ಕರ್ನಲ್ಲಿನ ಹೊರಗೆ ಇಂಥ ಪ್ರೊಗ್ರಾಮುಗಳು ಇರುವ ಜಾಗಕ್ಕೆ ಯೂಸರ್‌ಸ್ಪೇಸ್ ಎನ್ನುತ್ತಾರೆ. ಕ್ಯೂಎಮು ಕರ್ನಲ್ಲಿಗೆ "ಓಡಿಸು" ಎನ್ನುತ್ತಾನೆ. ಕರ್ನಲ್ ಅತಿಥಿಯನ್ನು ಅಸಲಿ ಪ್ರೊಸೆಸರಿನ ಮೇಲೆ ಬಿಡುತ್ತದೆ. ಅತಿಥಿ ಏನಾದರೂ ವಿಶೇಷ ಮಾಡಲು ಹೋದರೆ ಹೊರಬೀಳುತ್ತಾನೆ. ಆ ಕೆಲಸ ಕರ್ನಲ್ಲಿಗೇ ಮುಗಿಸಲು ಬಂದರೆ ಮುಗಿಸಿ ಮತ್ತೆ ಒಳಗೆ ಕಳಿಸುತ್ತದೆ. ಬಾರದಿದ್ದರೆ, ಕಾರಣದ ಒಂದು ಸಂಖ್ಯೆ ಬರೆದು ಹತೋಟಿಯನ್ನು ಕ್ಯೂಎಮು ಕೈಗೆ ಕೊಡುತ್ತದೆ. ಗ್ರಾಮ ಲೆಕ್ಕಿಗನ ಮಟ್ಟದಲ್ಲಿ ಮುಗಿಯದ ಕಡತ ತಾಲ್ಲೂಕು ಕಚೇರಿಗೆ ಹೋದ ಹಾಗೆ. ಹೋಗಿಬರುವುದಕ್ಕೆ ಹೊತ್ತು ಬೇಕು.

"ಅತಿಥಿ ಎಚ್‌ಎಲ್‌ಟಿ ಅಂದ" ಎನ್ನುವುದಕ್ಕೆ ಆ ಪಟ್ಟಿಯಲ್ಲಿ ಇರುವ ಸಂಖ್ಯೆ 5. ಮೊದಮೊದಲು ಬಾಗಿಲು ತಟ್ಟುವ ವ್ಯವಸ್ಥೆ, ಅಂದರೆ ಇಂಟರಪ್ಟುಗಳ ಲೆಕ್ಕ, ಕ್ಯೂಎಮು ಬಳಿ ಇತ್ತು. ಹಾಗಾಗಿ ಅತಿಥಿ ನಿಂತಾಗಲೆಲ್ಲ ಕಡತ ಅವನ ಬಳಿಗೆ ಹೋಗಲೇಬೇಕು. ಅವನು ಆ ಎಳೆಯನ್ನು ಮಲಗಿಸಿ, ಇಂಟರಪ್ಟ್ ಬಂದಾಗ ಎಬ್ಬಿಸಿ, ಮತ್ತೆ "ಓಡಿಸು" ಎನ್ನಬೇಕು. ಅತಿಥಿ ಕ್ಷಣಕ್ಕೆ ನೂರಾರು ಸಲ ನಿಂತು ಏಳುವ ಕೆಲಸದಲ್ಲಿದ್ದರೆ ಈ ಓಡಾಟವೇ ದೊಡ್ಡ ಖರ್ಚು. ಬೇಗನೆ ಇಂಟರಪ್ಟುಗಳ ಲೆಕ್ಕವನ್ನು ಕರ್ನಲ್ಲಿನೊಳಗೆ ತಂದರು. ಆಮೇಲೆ ಅತಿಥಿ ನಿಂತದ್ದು ಕ್ಯೂಎಮುಗೆ ಗೊತ್ತೇ ಆಗುವುದಿಲ್ಲ. ಕರ್ನಲ್ ತಾನೇ ಮಲಗಿಸುತ್ತದೆ, ತಾನೇ ಎಬ್ಬಿಸುತ್ತದೆ. ಕ್ಯೂಎಮು ದೃಷ್ಟಿಯಲ್ಲಿ "ಓಡಿಸು" ಎಂದು ಕೊಟ್ಟ ಆದೇಶ ಇನ್ನೂ ಮರಳಿಲ್ಲ, ಅಷ್ಟೆ.

ಮರಳಿಲ್ಲ ಎಂದರೆ ಹೊಸ ತೊಡಕು. ಕ್ಯೂಎಮುಗೆ ನಡುವೆ ಆ ಎಳೆ ಬೇಕಾದರೆ? ಅತಿಥಿಯನ್ನು ಬೇರೆ ಊರಿನ ಯಂತ್ರಕ್ಕೆ ಸಾಗಿಸಬೇಕು, ಇಲ್ಲವೇ ಬಂದ್ ಮಾಡಬೇಕು ಎಂದಾದರೆ? ಒಂದು ಸಿಗ್ನಲ್ ಕಳಿಸಿ ಎಬ್ಬಿಸಬೇಕು. ಎಬ್ಬಿಸುವುದರಲ್ಲಿ ಒಂದು ಗಂಡಾಂತರವಿದೆ. ಮಲಗಿದವನ ಬಾಗಿಲು ತಟ್ಟಿದರೆ ಏಳುತ್ತಾನೆ, ಸರಿ. ಆದರೆ ಅವನು ಹಾಸಿಗೆ ಹಾಸುತ್ತಿರುವಾಗ ತಟ್ಟಿದರೆ? ತಟ್ಟಿದ್ದು ಆಗಲೇ ಆಗಿಹೋಯಿತು, ಆಮೇಲೆ ಅವನು ಮಲಗಿದ, ಇನ್ನು ಯಾರೂ ತಟ್ಟುವುದಿಲ್ಲ. ಕೆವಿಎಂ ಮೊದಲು ಇದನ್ನು ಸಿಗ್ನಲ್ಲುಗಳನ್ನು ತಡೆಹಿಡಿದು, ಮಲಗುವ ಕ್ಷಣದಲ್ಲಷ್ಟೇ ಬಿಡುವ ಬಿಗಿ ಏರ್ಪಾಟಿನಿಂದ ನಿಭಾಯಿಸುತ್ತಿತ್ತು. 2017ರಲ್ಲಿ, ಲಿನಕ್ಸ್ 4.11ರಲ್ಲಿ, ಇನ್ನೂ ಸರಳ ದಾರಿ ಬಂತು. ಇಬ್ಬರಿಗೂ ಕಾಣುವ ಜಾಗದಲ್ಲಿ ಒಂದೇ ಬೈಟು. ತಟ್ಟಿದಾಗ ಅದರಲ್ಲಿ 1 ಎಂದು ಬರೆಯುವುದು. ದಿಂಬಿನ ಮೇಲೆ ಚೀಟಿ ಇಟ್ಟ ಹಾಗೆ. ಮಲಗುವ ಮುಂಚೆ ಚೀಟಿ ನೋಡು, ಇದ್ದರೆ ಮಲಗದೆ ಮರಳಿ ಬಾ. ಪ್ರೊಗ್ರಾಂ ಬರೆಯುವವರ ಬದುಕಿನಲ್ಲಿ ಎಷ್ಟೋ ರಾತ್ರಿಗಳು ಇಂಥ ಒಂದು ಬೈಟಿನ ಹಿಂದೆ ಹೋಗಿರುತ್ತವೆ.

ಕೆಲಸವಿಲ್ಲದೆ ನಿಲ್ಲುವುದು ಒಂದು ಬಗೆಯಾದರೆ, ಕೆಲಸವಿದ್ದೂ ಸರದಿಗಾಗಿ ಕಾಯುವುದು ಇನ್ನೊಂದು. ಈ ಅಧ್ಯಾಯದಲ್ಲಿ ನಮ್ಮ ಬೆಂಗಳೂರು ಬರುತ್ತದೆ. 2008ರ ಏಪ್ರಿಲ್‌ನಲ್ಲಿ ಬಂದ ಲಿನಕ್ಸ್ 2.6.25ರಲ್ಲಿ ನಿಕ್ ಪಿಗಿನ್ ಎಂಬವರು ಬೀಗಗಳಿಗೆ ಟೋಕನ್ ಪದ್ಧತಿ ತಂದರು. ಹಲವು ಪ್ರೊಸೆಸರುಗಳಿಗೆ ಒಂದೇ ಸಾಮಾನು ಬೇಕಾದಾಗ ಬ್ಯಾಂಕಿನ ಹಾಗೆ ಟೋಕನ್ ತೆಗೆದುಕೊಳ್ಳುವುದು, ತನ್ನ ಸಂಖ್ಯೆ ಬರುವವರೆಗೆ ಅಲ್ಲೇ ಸುತ್ತುತ್ತಾ ಕಾಯುವುದು. ಅಸಲಿ ಯಂತ್ರದಲ್ಲಿ ನ್ಯಾಯವಾದ ಪದ್ಧತಿ. ನಕಲಿ ಯಂತ್ರದಲ್ಲಿ ಅನರ್ಥ. ಏಕೆಂದರೆ 42ನೆಯ ಟೋಕನ್ನಿನವನನ್ನು ಹೈಪರ್‌ವೈಸರ್ ಆ ಹೊತ್ತಿಗೆ ಬದಿಗೆ ಕೂರಿಸಿರಬಹುದು. ಅವನು ಏಳುವವರೆಗೆ 43, 44, 45 ಎಲ್ಲರೂ ಅಸಲಿ ಪ್ರೊಸೆಸರುಗಳನ್ನು ಹಿಡಿದುಕೊಂಡು ಸುತ್ತುತ್ತಾರೆ. ಅವರು ಹಿಡಿದುಕೊಂಡಿರುವುದರಿಂದಲೇ 42ನೆಯವನಿಗೆ ಜಾಗ ಸಿಗುವುದಿಲ್ಲ! ಎಎಂಡಿಯ ಥಾಮಸ್ ಫ್ರೀಬೆಲ್ ಇದನ್ನು ಅದೇ ವರ್ಷ ಎತ್ತಿ ತೋರಿಸಿದರು. ಕ್ಸೆನ್‌ಗಾಗಿ ಜೆರೆಮಿ ಫಿಟ್ಜ್‌ಹಾರ್ಡಿಂಜ್ ಒಂದು ಪರಿಹಾರ ಬರೆದರು.

ಅದನ್ನು ಕೆವಿಎಂಗೆ ತರುವ ಕೆಲಸ ಹಿಡಿದವರು ಬೆಂಗಳೂರಿನ ಐಬಿಎಂ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಶ್ರೀವತ್ಸ ವಡ್ಡಗಿರಿ ಮತ್ತು ರಾಘವೇಂದ್ರ ಕೆ.ಟಿ. ಅವರ ಪರಿಹಾರ ಹೇಳಲು ಸುಲಭ. ಟೋಕನ್ ಹಿಡಿದವನು ಸ್ವಲ್ಪ ಹೊತ್ತು ಸುತ್ತಿ ನೋಡಲಿ. ಸರದಿ ಬರದಿದ್ದರೆ ಎಚ್‌ಎಲ್‌ಟಿ ಹೇಳಿ ಮಲಗಲಿ, ಪ್ರೊಸೆಸರ್ ಬಿಟ್ಟುಕೊಡಲಿ. ಬೀಗ ಬಿಡುವವನು ಮುಂದಿನ ಟೋಕನ್ನಿನವನು ಮಲಗಿದ್ದಾನೆ ಎಂದು ಕಂಡರೆ ಹೈಪರ್‌ವೈಸರಿಗೆ ಒಂದು ಕರೆ ಮಾಡಿ ಅವನನ್ನು ತಟ್ಟಿ ಎಬ್ಬಿಸಲಿ. ಹೇಳಲು ಸುಲಭವಾದದ್ದನ್ನು ಒಪ್ಪಿಸಲು ವರ್ಷಗಳು ಹಿಡಿದವು. ಯಾವ ಯಂತ್ರದಲ್ಲೂ ಹಳೆಯ ವೇಗ ಕೆಡಬಾರದು ಎಂದು ಅಳೆದು ತೋರಿಸುತ್ತಾ, ಮತ್ತೆ ಮತ್ತೆ ತಿದ್ದಿ ಕಳಿಸಬೇಕಾಯಿತು. 2013ರ ನವೆಂಬರಿನ ಲಿನಕ್ಸ್ 3.12ರಲ್ಲಿ ಅದು ಸೇರಿತು. ಎರಡೇ ವರ್ಷಕ್ಕೆ ಟೋಕನ್ ಬೀಗಗಳ ಜಾಗಕ್ಕೆ ಬೇರೆ ಬಗೆಯ ಬೀಗಗಳು ಬಂದವು. ಮಲಗಿದವನನ್ನು ತಟ್ಟಿ ಎಬ್ಬಿಸುವ ಕರೆ ಮಾತ್ರ ಉಳಿಯಿತು. ನಮ್ಮ ಮಕ್ಕಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ. ಜಗತ್ತಿನ ಯಂತ್ರಗಳೊಳಗೆ ಕೂತಿರುವ ವಿದ್ಯೆ ಎಲ್ಲಿಂದಲೋ ಇಳಿದು ಬಂದದ್ದಲ್ಲ. ಅದರ ಕೆಲವು ಸಾಲುಗಳನ್ನು ಬರೆದವರು ಹುಮನಾಬಾದಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಮುಟ್ಟುವ ಊರಿನಲ್ಲಿ ಕೂತಿದ್ದರು.

ಇನ್ನು ಆ ಹುಡುಗಿಯ ಪ್ರಶ್ನೆ. ಕೆಲಸವಿಲ್ಲ ಎಂದ ಅತಿಥಿಯನ್ನು ಕರ್ನಲ್ ಮಲಗಿಸುತ್ತದೆ ಎಂದೆ. ಮಲಗಿಸಿ ಎಬ್ಬಿಸುವುದಕ್ಕೂ ಹೊತ್ತು ಬೇಕು. ಎರಡು ಯಂತ್ರಗಳು ಪರಸ್ಪರ ಸಣ್ಣ ಸಣ್ಣ ಸಂದೇಶ ಕಳಿಸಿಕೊಳ್ಳುವಾಗ, ಇವನು ಮಲಗುವುದರೊಳಗೆ ಉತ್ತರ ಬಂದಿರುತ್ತದೆ. 2015ರಲ್ಲಿ ಕೆವಿಎಂ ನೋಡಿಕೊಳ್ಳುತ್ತಿದ್ದ ಪಾವೊಲೊ ಬೊನ್ಸಿನಿ ಇದಕ್ಕೊಂದು ತಿದ್ದುಪಡಿ ತಂದರು. ಅತಿಥಿ ನಿಂತ ತಕ್ಷಣ ಮಲಗಿಸಬೇಡ, ಸ್ವಲ್ಪ ಹೊತ್ತು ಎಂಜಿನ್ ಚಾಲೂ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಿರು, ಯಾರೂ ಬಾರದಿದ್ದರೆ ಆಗ ಮಲಗು. ಇದಕ್ಕೆ ಹಾಲ್ಟ್ ಪೋಲಿಂಗ್ ಎಂದು ಹೆಸರು. ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಈಗ ಇದರ ಗರಿಷ್ಠ ಮಿತಿ ಸಾಮಾನ್ಯವಾಗಿ 2,00,000 ನ್ಯಾನೊಸೆಕೆಂಡು, ಅಂದರೆ ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು. ಕಾದದ್ದು ಫಲ ಕೊಟ್ಟರೆ ಕಾಯುವ ಹೊತ್ತು ತಾನೇ ಹಿಗ್ಗುತ್ತದೆ, ಕೊಡದಿದ್ದರೆ ಕುಗ್ಗುತ್ತದೆ. ಅತಿಥಿಯ ಲೆಕ್ಕದಲ್ಲಿ ಅದು ವಿಶ್ರಾಂತಿ, ಅಸಲಿ ಯಂತ್ರದ ಲೆಕ್ಕದಲ್ಲಿ ದುಡಿತ. ಬಿಸಿಯಾಗುವುದಕ್ಕೆ ಇದೂ ಒಂದು ಕಾರಣ ತಾಯೀ.

ಆಮೇಲೂ ಹಗ್ಗ ಜಗ್ಗಾಟ ನಿಲ್ಲಲಿಲ್ಲ. 2018ರಲ್ಲಿ, ಒಂದು ಅಸಲಿ ಪ್ರೊಸೆಸರನ್ನು ಒಬ್ಬನೇ ಅತಿಥಿಗೆ ಮೀಸಲಿಟ್ಟಿದ್ದರೆ ಅವನು ಎಚ್‌ಎಲ್‌ಟಿ ಎಂದಾಗ ಯಾರನ್ನೂ ಕೇಳದೆ ನಿಲ್ಲಲಿ ಎಂದು ಬಿಡುವ ಅವಕಾಶ ಬಂತು. 2019ರಲ್ಲಿ ಮಾರ್ಸೆಲೊ ಟೊಸಾಟ್ಟಿ ಎಂಜಿನ್ ಚಾಲೂ ಇಡುವ ಕೆಲಸವನ್ನು ಅತಿಥಿಯ ಕೈಗೇ ಕೊಟ್ಟರು. ಕಾಯುವುದು ಯೂಸರ್‌ಸ್ಪೇಸಿನಿಂದ ಕರ್ನಲ್ಲಿಗೆ ಬಂದಿತ್ತು, ಅಲ್ಲಿಂದ ಅತಿಥಿಯೊಳಕ್ಕೆ ಹೋಯಿತು. ಇದಕ್ಕೆ ತದ್ವಿರುದ್ಧವಾದ ಹೆಜ್ಜೆ 2022ರದು. ಎಆರ್‌ಎಂ ಯಂತ್ರಗಳಲ್ಲಿ ಅತಿಥಿ ತನ್ನ ಇಡೀ ಯಂತ್ರವನ್ನೇ ಮಲಗಿಸಲು ಹೊರಟರೆ, ಯೂಸರ್‌ಸ್ಪೇಸ್ ಮೊದಲೇ ಕೋರಿಕೊಂಡಿದ್ದಲ್ಲಿ, ಕರ್ನಲ್ ತಾನೇ ತೀರ್ಮಾನಿಸದೆ ಹತೋಟಿಯನ್ನು ಅದಕ್ಕೆ ಮರಳಿಸುತ್ತದೆ. ಮಲಗಿಸಬೇಕೋ, ಅತಿಥಿಯ ಸ್ಥಿತಿಯನ್ನು ಡಿಸ್ಕಿಗೆ ಬರೆದು ಜಾಗ ಖಾಲಿ ಮಾಡಬೇಕೋ ಎಂದು ಅಲ್ಲಿ ನಿರ್ಧಾರ. ಅರವತ್ತು ವರ್ಷಗಳ ಈ ಕಥೆಯಲ್ಲಿ ನನಗೆ ಕಾಣುವ ಸಾರ ಇದು: ಕ್ಷಣದ ಕಾಯುವಿಕೆಯನ್ನು ಕಾಯುವವನ ಹತ್ತಿರವೇ ಇಟ್ಟರು, ಉದ್ದದ ನಿದ್ದೆಯನ್ನು ಖರ್ಚಿನ ಲೆಕ್ಕ ಇಡುವವನಿಗೆ ತಿಳಿಸಿದರು.

ಲೆಕ್ಕ ಇಡುವವನು ಈಗ ಸುಮ್ಮನಿರುವುದನ್ನೂ ಮಾರುತ್ತಾನೆ. 2014ರಲ್ಲಿ ಅಮೆಜಾನ್ ತಂದ ಟಿ2 ಎಂಬ ಅಗ್ಗದ ಬಾಡಿಗೆ ಯಂತ್ರಗಳಲ್ಲಿ ಸುಮ್ಮನಿದ್ದಷ್ಟೂ ಜಮಾ ಸೇರುತ್ತದೆ. ಅದರ ಮೈಕ್ರೊ ಯಂತ್ರಕ್ಕೆ ತಾಸಿಗೆ 6 ಜಮಾ. ಒಂದು ಜಮಾ ಎಂದರೆ ಒಂದು ಪ್ರೊಸೆಸರನ್ನು ಒಂದು ನಿಮಿಷ ಪೂರ್ತಿ ಓಡಿಸುವ ಹಕ್ಕು. ಅಂದರೆ ತಾಸಿನಲ್ಲಿ ನಿಮಗೆ ನಿಜವಾಗಿ ಸಿಗುವುದು ಆರು ನಿಮಿಷ. ಉಳಿದ ಐವತ್ನಾಲ್ಕು ನಿಮಿಷ ನೀವು ಸುಮ್ಮನಿರುತ್ತೀರಿ ಎಂಬ ನಂಬಿಕೆಯ ಮೇಲೆ ಬೆಲೆ ಕಡಿಮೆ. ಐಬಿಎಂನ ಮೀಟರು ಹೊಸ ವೇಷದಲ್ಲಿ ಮರಳಿತು.

ಈ ಹಂಚಿಕೆ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೂ ಯಂತ್ರದಲ್ಲಿ ಲೆಕ್ಕವಿದೆ. ಲಿನಕ್ಸಿನಲ್ಲಿ ಟಾಪ್ ಎಂಬ ಪ್ರೊಗ್ರಾಂ ಓಡಿಸಿದರೆ ಮೇಲ್ಗಡೆ ಒಂದು ಸಾಲು ಬರುತ್ತದೆ. ಅದರಲ್ಲಿ ಒಂದು ಅಂಕಿ ಕೆಲಸವಿಲ್ಲದೆ ಕಳೆದ ಹೊತ್ತಿನದು. ಕೊನೆಯ ಅಂಕಿಗೆ ಸ್ಟೀಲ್ ಎಂದು ಹೆಸರು, ಕದ್ದ ಹೊತ್ತು. ನನಗೆ ಕೆಲಸವಿತ್ತು, ಆದರೆ ಆ ಹೊತ್ತಿಗೆ ಅಸಲಿ ಪ್ರೊಸೆಸರ್ ಬೇರೆಯವರ ಬಳಿ ಇತ್ತು ಎಂದರ್ಥ. ಮೇಸ್ತ್ರಿ ಇರುವ ಜಾಗಕ್ಕಿಂತ ಹೆಚ್ಚು ಅತಿಥಿಗಳನ್ನು ಕರೆದಿದ್ದರೆ, ಎಲ್ಲರೂ ಒಮ್ಮೆಲೇ ಎದ್ದ ದಿನ ಈ ಅಂಕಿ ಏರುತ್ತದೆ. ಎಲ್ಲರೂ ಒಮ್ಮೆಲೇ ಏಳುವ ದಿನಗಳು ನಮ್ಮಲ್ಲಿ ಇದ್ದೇ ಇರುತ್ತವೆ. ಬೆಳೆವಿಮೆಯ ಕೊನೆಯ ದಿನ, ಫಲಿತಾಂಶದ ದಿನ, ಅರ್ಜಿಯ ಕೊನೆಯ ದಿನ.

ಅಂಥ ದಿನ ಗಣಕದ ಮುಂದೆ ಕೂತ ಹುಡುಗ "ಸರ್ವರ್ ಬಿಜಿ ಅದ, ನಾಳಿ ಬರ್ರಿ" ಎನ್ನುತ್ತಾನೆ. ಅವನದೇನೂ ತಪ್ಪಿಲ್ಲ, ಅವನ ಪರದೆಗೆ ಅಷ್ಟೇ ಗೊತ್ತು. ಯಂತ್ರ ನಿಜವಾಗಿ ದುಡಿಯುತ್ತಿತ್ತೋ, ಟೋಕನ್ ಹಿಡಿದು ಸುತ್ತುತ್ತಿತ್ತೋ, ಸರದಿ ಸಿಗದೆ ಬದಿಗೆ ಕೂತಿತ್ತೋ, ಪ್ರೊಸೆಸರಿಗೆ ಸಂಬಂಧವೇ ಇಲ್ಲದ ಬೇರೆ ಕಡೆ ಸಿಕ್ಕಿಕೊಂಡಿತ್ತೋ, ಎಲ್ಲಕ್ಕೂ "ಬಿಜಿ" ಒಂದೇ ಮಾತು. ಅದಕ್ಕೇ ನನ್ನ ಮಕ್ಕಳಿಗೆ ಲ್ಯಾಬಿನಲ್ಲಿ ಮೊದಲ ಕೆಲಸವಾಗಿ ಆ ಸಾಲಿನ ಅಂಕಿಗಳನ್ನು ಓದಲು ಕಲಿಸುತ್ತೇನೆ. ನಾಳೆ ಇವರಲ್ಲಿ ಕೆಲವರು ಇಂಥ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹೋಗುತ್ತಾರೆ. ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲನ್ನು ಯಾರು ಕಾಯಬೇಕು, ಎಲ್ಲಿ ಕಾಯಬೇಕು ಎಂದು ಜಗತ್ತಿನ ಜಾಣರು ವರ್ಷಗಟ್ಟಲೆ ವಾದಿಸಿ ತೀರ್ಮಾನಿಸಿದ್ದಾರೆ. ಮುಡಬಿಯಿಂದ ಎರಡು ಬಸ್ಸು ಬದಲಿಸಿ ಬಂದು, ಕಟ್ಟೆಯ ಮೇಲೆ ಕೂತು, ಸಂಜೆಯ ಬಸ್ಸಿಗೆ ಮರಳುವ ರೈತನ ಹೊತ್ತಿಗೆ ಆ ಸಾಲಿನಲ್ಲಿ ಒಂದು ಅಂಕಿಯೂ ಇಲ್ಲ.